ಹೊಳೆಯ ಸಿಂಪಿನ ಬಣ್ಣವೂ ಅದರ ಬೆಲೆಯೂ

ಬೇಸಿಗೆಯಲ್ಲಿ ಮಾರ್ಕಂಡೇಯ ಹೊಳೆಯ ನೀರು ಇಳಿದು ಮಡುಗಳಲ್ಲಿ ಮಾತ್ರ ನಿಂತಿರುವ ಕಾಲಕ್ಕೆ, ಅಂಕಲಗಿಯ ಸೀಮೆಯಲ್ಲಿ ದಂಡೆಯ ಉಸುಕನ್ನು ತುಸು ಕೆದರಿದರೆ ಎರಡು ಹೋಳಾಗಿ ಬಾಯ್ದೆರೆದ ಸಿಂಪುಗಳು ದೊರೆಯುವುದುಂಟು. ಅವುಗಳ ಹೊರಮೈ ಕಂದು ಇಲ್ಲವೆ ಕರಿಹಸಿರು. ಕೆಸರು ಮೆತ್ತಿಕೊಂಡಿರುವಾಗ ನೋಡುವುದಕ್ಕೆ ಏನೂ ಚೆಲುವಿಲ್ಲ. ಹಿಂದಿನ ಮನೆಗಳಲ್ಲಿ ಇದರ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ, ಆ ತೂತಿನ ಅಂಚಿನಿಂದ ಮಾವಿನಕಾಯಿಯ ಸಿಪ್ಪೆಯನ್ನು ಹೆರೆಯುತ್ತಿದ್ದರು. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಅದಕ್ಕೆ ಯಾರೂ ಕೊಟ್ಟಂತೆ ತೋರುವುದಿಲ್ಲ. ಆದರೆ ಅದೇ ಸಿಂಪನ್ನು ಚೆನ್ನಾಗಿ ತೊಳೆದು, ಒಳಮೈಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ, ಹಾಲಿನಂಥ ಬಿಳುಪಿನ ಮೇಲೆ ಗುಲಾಬಿ, ತಿಳಿಹಸಿರು, ನಸುನೀಲಿ ಬಣ್ಣಗಳು ಒಂದರ ಬೆನ್ನಿಗೆ ಒಂದು ಸುಳಿದು ಹೋಗುವವು. ಕೈಯನ್ನು ನಿಲ್ಲಿಸಿದರೆ ಬಣ್ಣವೂ ನಿಲ್ಲುವುದು. ಕೈ ಅಲುಗಿದರೆ ಅದೂ ಅಲುಗುವುದು.

ಈ ಬಣ್ಣವೇ ಕಡಲಿನ ಚಿಪ್ಪುಗಳನ್ನು ಆಭರಣದ ಪೆಟ್ಟಿಗೆಗೆ ಏರಿಸಿದ್ದು. ಉಂಗುರದ ಹರಳಾಗಿ, ಪದಕವಾಗಿ, ಓಲೆಯ ಬಿಲ್ಲೆಯಾಗಿ ಮಾರಾಟಕ್ಕೆ ಬರುವ ಮಿನುಗುವ ಚಿಪ್ಪುಗಳಲ್ಲಿ ಅನೇಕ ಜಾತಿಗಳಿವೆ. ನವಿಲಿನ ಕತ್ತಿನಂತೆ ನೀಲಿಹಸಿರು ತೋರುವ ಅಬಲೋನಿ ಎಂಬುದು ತಣ್ಣನೆಯ ಸಮುದ್ರಗಳದು. ಗೋಪುರದಂತೆ ಸುರುಳಿ ಸುತ್ತಿದ ಟ್ರೋಕಸ್, ಟರ್ಬೊ ಎಂಬವು ಅಂದಮಾನದಂಥ ಬೆಚ್ಚನೆಯ ಕಡಲಿನವು. ಮುತ್ತಿನ ಸಿಂಪು ಎಂದೇ ಹೆಸರಾದದ್ದು ಮನ್ನಾರ್ ಕೊಲ್ಲಿಯಲ್ಲಿಯೂ ಪಾರಸಿ ಕೊಲ್ಲಿಯಲ್ಲಿಯೂ ಬೆಳೆಯುವುದು. ಫತೇಪುರ ಸಿಕ್ರಿಯಲ್ಲಿ ಸಲೀಂ ಚಿಸ್ತಿಯವರ ಸಮಾಧಿಯ ಮೇಲಿನ ಮಂಟಪವನ್ನು ಇಂಥ ಚಿಪ್ಪಿನ ತುಣುಕುಗಳಿಂದಲೇ ಅಲಂಕರಿಸಿದ್ದಾರೆ. ಗೋಕಾಕ, ಹುಕ್ಕೇರಿ ಸೀಮೆಯ ಹೆಣ್ಣುಮಕ್ಕಳ ನತ್ತು, ಬುಗುಡಿಗಳಲ್ಲಿ ಪತ್ತಾರರು ಕೂಡಿಸುವ ಮುತ್ತೂ ಈ ಚಿಪ್ಪಿನ ಒಳಮೈಯೂ ಒಂದೇ ಪದಾರ್ಥ. ಚಿಪ್ಪಿನ ಮೈಗೆ ಹರಡಿಕೊಂಡರೆ ಅದು ಮುತ್ತಿನ ಪದರು; ಒಂದು ಕಣದ ಸುತ್ತ ಸುತ್ತಿಕೊಂಡರೆ ಅದೇ ಮುತ್ತು. ಹೊಳೆಯ ಸಿಂಪಿನಲ್ಲಿರುವುದೂ ಅದೇ ಪದಾರ್ಥವೆಂಬುದನ್ನು ಬಹಳ ಜನ ಒಕ್ಕಲಿಗರು ಅರಿತಿರುವುದಿಲ್ಲ. ಅರಿತವರಿಗೋ, ಇತ್ತೀಚಿನ ವರ್ಷಗಳಲ್ಲಿ ಮುತ್ತಿನ ಬೇಸಾಯವೆಂಬ ಮಾತು ಕಿವಿಗೆ ಬಿದ್ದು, ಹೊಂಡ ತೋಡಿಸಿ ಹಣ ಹೂಡಬೇಕೆಂಬ ಆಸೆ ಹುಟ್ಟಿದೆ. ಆದುದರಿಂದ ಈ ಪದಾರ್ಥವು ಹೇಗೆ ಉಂಟಾಗುವುದು, ಅದಕ್ಕೆ ಬಣ್ಣ ಎಲ್ಲಿಂದ ಬಂತು, ಅದನ್ನು ಕೊಡುವ ಪ್ರಾಣಿಯ ಬಾಳುವೆ ಯಾವ ತೆರನಾದದ್ದು ಎಂಬುದನ್ನು ಹಣ ಹೂಡುವ ಮೊದಲೇ ತಿಳಿದಿರುವುದು ಭೂಮಾಲೀಕರಿಗೆ ಹಿತಕರ.

ಸ್ವಾತಿ ಮಳೆಯ ಹನಿಯು ಬಾಯ್ದೆರೆದ ಸಿಂಪಿನಲ್ಲಿ ಬಿದ್ದು ಮುತ್ತಾಗುವುದೆಂದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಂಬಿಕೆಯುಂಟು. ಹಿಂಗಾರಿ ಜೋಳವನ್ನು ಬಿತ್ತಿದವನಿಗೆ ಅಕ್ಟೋಬರ್ ತಿಂಗಳ ಕೊನೆಯ ಆ ಮಳೆ ಮುತ್ತಿಗೆ ಸಮಾನವೆಂಬುದರಲ್ಲಿ ಸಂದೇಹವಿಲ್ಲ. ಸಿಂಪಿನ ವಿಷಯದಲ್ಲಿ ಮಾತ್ರ ಅದು ಕವಿಗಳ ಮಾತು. ಉಸುಕಿನ ಹರಳು ಸಿಕ್ಕಿಕೊಂಡು ಮುತ್ತಾಗುವುದೆಂದು ಶಾಲೆಯ ಮಕ್ಕಳು ಓದುವುದುಂಟು. ಅದೂ ಪೂರ್ಣ ನಿಜವಲ್ಲ. ಉಸುಕಿನಲ್ಲಿಯೇ ಬಾಳುವ ಪ್ರಾಣಿಗೆ ಉಸುಕನ್ನು ಹೊರಗೆ ತಳ್ಳುವುದು ಚೆನ್ನಾಗಿ ಗೊತ್ತು. ಸಿಂಪಿನ ಪ್ರಾಣಿಯ ಮೆತ್ತನೆಯ ಮೈಯನ್ನು ಒಂದು ತೆಳುವಾದ ಹೊದಿಕೆ ಸುತ್ತುಗಟ್ಟಿರುತ್ತದೆ. ಚಿಪ್ಪನ್ನು ಕಟ್ಟುವ ಕೆಲಸವೆಲ್ಲ ಈ ಹೊದಿಕೆಯದು. ಯಾವುದೋ ಹುಳು ಕೊರೆದೋ ಗಾಯವಾಗಿಯೋ ಈ ಹೊದಿಕೆಯ ಚೂರೊಂದು ಮೈಯೊಳಗೆ ಸೇರಿಕೊಂಡರೆ, ಅಲ್ಲಿಯೂ ಅದು ತನ್ನ ಕಸಬನ್ನು ಬಿಡುವುದಿಲ್ಲ. ತನ್ನ ಸುತ್ತ ಪದರಿನ ಮೇಲೆ ಪದರನ್ನು ಹಾಕುತ್ತ ಹೋಗುವುದು. ಹಾಗೆ ಕಟ್ಟಿದ್ದೇ ಮುತ್ತು. ಆದುದರಿಂದ ತಾನಾಗಿಯೇ ಮುತ್ತಾದ ಸಿಂಪು ಬಲು ವಿರಳ. ಹೊಳೆಯ ಸಿಂಪುಗಳನ್ನು ಒಡೆದು ಮುತ್ತು ಹುಡುಕುವುದು ಪ್ರಾಣಿಯನ್ನೂ ದಿನದ ದುಡಿಮೆಯನ್ನೂ ಹಾಳು ಮಾಡಿದಂತೆಯೇ ಸರಿ.

ಇನ್ನು ಪದಾರ್ಥದ ವಿಚಾರ. ಮುತ್ತಿನ ಪದರಿನ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ಬರಿಯ ಸುಣ್ಣದ ಅಂಶವೆಂದು ಕೇಳಿದರೆ ಆಶ್ಚರ್ಯವಾಗಬಹುದು. ಸುಣ್ಣದ ಕಲ್ಲು ಯಾವ ವಸ್ತುವೋ ಇದೂ ಅದೇ ವಸ್ತು. ಕರಾವಳಿಯಲ್ಲಿ ಚಿಪ್ಪುಗಳನ್ನು ಭಟ್ಟಿಯಲ್ಲಿ ಸುಟ್ಟು ಮನೆಗೆ ಬಳಿಯುವ ಸುಣ್ಣವನ್ನೂ ಎಲೆಯಡಿಕೆಯ ಸುಣ್ಣವನ್ನೂ ಮಾಡುವುದು ಇದೇ ಕಾರಣದಿಂದ. ಹಾಗಾದರೆ ಎಲೆಗೆ ಹಚ್ಚುವ ಸುಣ್ಣಕ್ಕಿಲ್ಲದ ಬಣ್ಣ ಸಿಂಪಿಗೆ ಎಲ್ಲಿಂದ ಬಂತು? ಜೋಡಣೆಯಿಂದ ಬಂತು. ಪ್ರಾಣಿಯು ನೀರಿನೊಳಗಿನ ಸುಣ್ಣವನ್ನು ಹೀರಿ ಅತಿ ಚಿಕ್ಕ ಚಪ್ಪಟೆ ಬಿಲ್ಲೆಗಳನ್ನಾಗಿ ಮಾಡಿ, ಗೌಂಡಿಯು ಇಟ್ಟಿಗೆಯನ್ನು ವರಸೆವರಸೆಯಾಗಿ ಕೂಡಿಸುವಂತೆ ಕೂಡಿಸುವುದು. ಎರಡು ವರಸೆಗಳ ನಡುವೆ ಗಚ್ಚಿನ ಬದಲು ತನ್ನ ಮೈಯಿಂದ ಒಸರುವ ಒಂದು ಬಗೆಯ ಅಂಟನ್ನು ಕೂದಲೆಳೆಗಿಂತಲೂ ಎಷ್ಟೋ ತೆಳುವಾಗಿ ಬಳಿಯುವುದು. ಒಂದು ಬಿಲ್ಲೆಯ ದಪ್ಪವು ಒಂದು ಮಿಲಿಮೀಟರಿನ ಸುಮಾರು 2000 ದಲ್ಲಿ ಒಂದು ಪಾಲು. ನಾಲ್ಕಾಣೆ ನಾಣ್ಯದಷ್ಟು ದಪ್ಪದ ಸಿಂಪಿನಲ್ಲಿ ಇಂಥ ವರಸೆಗಳು ಸಾವಿರಗಟ್ಟಲೆ ಇರುವವು. ಈ ಕಟ್ಟಡದ ಗಟ್ಟಿತನವೂ ಬಣ್ಣದಷ್ಟೇ ಸೋಜಿಗದ್ದು. ಬರಿಯ ಸುಣ್ಣದ ಹರಳು ಸುತ್ತಿಗೆಯ ಏಟಿಗೆ ಪುಡಿಯಾಗುವುದು. ಸಿಂಪಿನಲ್ಲಿ ಬಿರುಕು ಬಿಟ್ಟರೂ ಅದು ಬಿಲ್ಲೆಬಿಲ್ಲೆಯನ್ನು ಬಳಸಿಕೊಂಡು ಅಂಕುಡೊಂಕಾಗಿ ಹೋಗಬೇಕಾದುದರಿಂದ ನಡುವೆಯೇ ನಿಂತುಬಿಡುವುದು. ಅದೇ ಸಿಂಪನ್ನು ಒಲೆಗೆ ಹಾಕಿದರೆ ಅಂಟು ಸುಟ್ಟುಹೋಗಿ, ವರಸೆಗಳು ಸಡಿಲಾಗಿ, ಬಣ್ಣವೆಲ್ಲ ಮಾಯವಾಗಿ ಸುಣ್ಣವಷ್ಟೇ ಉಳಿಯುವುದು.

ಪದರುಗಳಿಂದ ಬಣ್ಣ ಹುಟ್ಟುವುದು ಹೇಗೆಂಬುದಕ್ಕೆ ಮನೆಯ ಮುಂದಿನ ಉದಾಹರಣೆಯೇ ಸಾಕು. ಮಳೆಯ ನೀರು ನಿಂತ ತಗ್ಗಿನಲ್ಲಿ ಪಂಪಿನ ಎಣ್ಣೆಯ ಒಂದು ಹನಿ ಬಿದ್ದರೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಡುವವು. ಎಣ್ಣೆಗೂ ಆ ಬಣ್ಣವಿಲ್ಲ, ನೀರಿಗೂ ಇಲ್ಲ. ಎಣ್ಣೆಯ ಪೊರೆಯ ಮೇಲ್ಮೈಯಿಂದ ಹಿಂದಿರುಗುವ ಬೆಳಕೂ ಕೆಳಮೈಯಿಂದ ಹಿಂದಿರುಗುವ ಬೆಳಕೂ ಒಂದನ್ನೊಂದು ಕೂಡಿಕೊಂಡಾಗ ಕೆಲವು ಬಣ್ಣಗಳು ಬಲಗೊಳ್ಳುವವು, ಕೆಲವು ಅಳಿಯುವವು. ಸಿಂಪಿನಲ್ಲಿ ಒಂದು ಪೊರೆಯ ಬದಲು ಸಾವಿರ ಪೊರೆಗಳು ಒಂದರ ಮೇಲೊಂದು ಸಮನಾಗಿ ಕುಳಿತಿರುವುದರಿಂದ ಬಣ್ಣವು ಆಳದಿಂದ ಮೂಡಿದಂತೆ ಕಾಣುವುದು. ಬೆಳಕಿನ ಅಲೆಯ ಅಳತೆಗೂ ಬಿಲ್ಲೆಯ ದಪ್ಪಕ್ಕೂ ಹೊಂದಾಣಿಕೆಯಿರುವುದೇ ಇದರ ಗುಟ್ಟು. ಕುಂಕುಮ, ನೀಲಿಗಳಂತೆ ಇಲ್ಲಿ ಅರೆದು ತೆಗೆಯತಕ್ಕ ಬಣ್ಣವಿಲ್ಲ. ಸಿಂಪನ್ನು ಅರೆದರೆ ಕೈಗೆ ಬರುವುದು ಬಿಳಿಯ ಪುಡಿ.

ಇದರಲ್ಲಿ ಇನ್ನೊಂದು ವಿಶೇಷವಿದೆ. ಸ್ಕಾಟ್‌ಲಂಡದ ಡೇವಿಡ್ ಬ್ರೂಸ್ಟರ್ ಎಂಬ ಪಂಡಿತರು 1814 ರಲ್ಲಿ ಮುತ್ತಿನ ಚಿಪ್ಪಿನ ಮೈಯನ್ನು ಮೇಣಕ್ಕೆ ಒತ್ತಿ ತೆಗೆದಾಗ, ಚಿಪ್ಪಿನ ಬಣ್ಣಗಳು ಮೇಣದ ಮೇಲೂ ತೋರಿದವು. ಮೇಣಕ್ಕೆ ಚಿಪ್ಪಿನ ಯಾವ ಪದಾರ್ಥವೂ ಅಂಟಿರಲಿಲ್ಲ. ಚಿಪ್ಪಿನ ಮೈಮೇಲೆ, ಪದರುಗಳು ಹೊರಗೆ ಬಂದು ಮುಗಿಯುವಲ್ಲಿ, ಕಣ್ಣಿಗೆ ಕಾಣದಂಥ ಸಣ್ಣ ಗೆರೆಗಳು ಹೊಲದ ಸಾಲುಗಳಂತೆ ಒತ್ತೊತ್ತಾಗಿರುವವು. ಆ ಸಾಲುಗಳ ಅಚ್ಚು ಮೇಣಕ್ಕೆ ಇಳಿದುದರಿಂದ ಬೆಳಕು ಅಲ್ಲಿಯೂ ಒಡೆದು ಬಣ್ಣವಾಯಿತು. ಹಳೆಯ ಕಾಗದಪತ್ರಗಳಿಗೆ ಅರಗಿನ ಮುದ್ರೆಯೊತ್ತಿದ ಮನೆತನದವರಿಗೆ ಈ ಪ್ರಯೋಗ ಕಷ್ಟದ್ದಲ್ಲ. ಕರಿಯ ಅರಗನ್ನು ಮೆತ್ತಗೆ ಮಾಡಿ, ಉಜ್ಜಿ ನಯಮಾಡಿದ ಸಿಂಪನ್ನು ಅದಕ್ಕೆ ಒತ್ತಿ, ಆರಿದ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಬಹುದು. ಎಲ್ಲ ಸಿಂಪುಗಳಲ್ಲಿಯೂ ಒಂದೇ ಬಗೆಯಾಗಿ ತೋರಲಿಕ್ಕಿಲ್ಲ. ಪದರಿನ ಓರೆಯನ್ನು ಅನುಸರಿಸಿ ಅದು ಹೆಚ್ಚುಕಡಿಮೆ ಆಗುವುದು.

ಮಿನುಗುವ ಚಿಪ್ಪುಗಳ ಶಾಸ್ತ್ರಕ್ಕೆ ಕನ್ನಡ ನೆಲದಲ್ಲಿಯೇ ಹೆಚ್ಚಿನ ಕೆಲಸ ನಡೆಯಿತೆಂಬುದು ವಾಚಕರಿಗೆ ಸಂತೋಷವನ್ನು ಉಂಟುಮಾಡತಕ್ಕ ಸಂಗತಿ. 1930 ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ಸಿ. ವಿ. ರಾಮನ್ನರು 1933 ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು; 1934 ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿಯೇ ಮಿನುಗುವ ಚಿಪ್ಪುಗಳನ್ನು ಕುರಿತ ಅವರ ಲೇಖನಗಳು ಪ್ರಕಟವಾದವು. ಮೈಮೇಲಿನ ಗೆರೆಗಳಿಂದ ಬರುವ ಬಣ್ಣ ಬೇರೆ, ಒಳಗಿನ ಪದರುಗಳಿಂದ ಹಿಂದಿರುಗುವ ಬಣ್ಣ ಬೇರೆ, ಚಿಪ್ಪನ್ನು ದಾಟಿ ಆಚೆಗೆ ಹೋಗುವ ಬೆಳಕಿನ ಬಣ್ಣ ಬೇರೆ ಎಂದು ಅವರು ಬಿಡಿಸಿ ತೋರಿಸಿದರು. ಮುತ್ತಿನ ಸಿಂಪು, ಸುರುಳಿಯ ಚಿಪ್ಪು, ನಾಟಿಲಸ್ ಈ ಮೂರರಲ್ಲಿ ಹರಳುಗಳ ಜೋಡಣೆ ಬೇರೆಬೇರೆಯಾಗಿರುವುದನ್ನು ಬೆಳಕಿನ ಸಹಾಯದಿಂದಲೇ ಗುರುತಿಸಿದರು. 1948 ರಲ್ಲಿ ಅವರು ಕಟ್ಟಿಸಿದ ಬೆಂಗಳೂರಿನ ಸಂಶೋಧನಾ ಮಂದಿರದಲ್ಲಿ ಹರಳು, ಚಿಟ್ಟೆ, ಹಕ್ಕಿಗಳ ಜೊತೆಗೆ ಅವರು ಕೂಡಿಸಿದ ಚಿಪ್ಪುಗಳೂ ಇವೆ.

ಪದರಿನ ಗುಣವನ್ನು ಅರಿತರೆ ಆಭರಣವನ್ನು ಕಾಪಾಡುವ ಕ್ರಮವೂ ತಾನಾಗಿಯೇ ತಿಳಿಯುವುದು. ಸುಣ್ಣಕ್ಕೆ ಹುಳಿ ಆಗದು. ಬಂಗಾರವನ್ನು ಹುಣಸೆಹಣ್ಣಿನಿಂದ ತೊಳೆಯುವ ರೂಢಿಯುಳ್ಳ ಮನೆಗಳಲ್ಲಿ ಮುತ್ತು ಕೂಡಿಸಿದ ನತ್ತನ್ನೂ ಅದರಲ್ಲಿಯೇ ಅದ್ದಿ ಮುತ್ತಿನ ಕಳೆಯನ್ನು ಕೆಡಿಸಿಕೊಂಡದ್ದುಂಟು. ಬೆವರು, ಅತ್ತರುಗಳೂ ಅದಕ್ಕೆ ಹಗೆ. ತೊಟ್ಟು ತೆಗೆದ ಮೇಲೆ ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ, ಬೇರೆ ಒಡವೆಗಳಿಗೆ ತಿಕ್ಕದಂತೆ ಅರಿವೆಯಲ್ಲಿ ಸುತ್ತಿಡತಕ್ಕದ್ದು. ಪತ್ತಾರರು ಬೆಸುಗೆ ಹಾಕುವಾಗ ಮುತ್ತನ್ನು ಮೊದಲೇ ಬಿಡಿಸಿ ಇಡುವುದು ಏತಕ್ಕೆಂಬುದು ಮೇಲೆ ಹೇಳಿದ ಒಲೆಯ ಮಾತಿನಿಂದ ಸ್ಪಷ್ಟವಾಗುವುದು.

ಈಗ ಪ್ರಾಣಿಯ ಬಾಳುವೆಯ ಕಡೆಗೆ ಬರೋಣ. ಭೂಮಾಲೀಕರಿಗೆ ಇದೇ ಮುಖ್ಯ. ಕೃಷ್ಣೆಯಲ್ಲಿಯೂ ಘಟಪ್ರಭೆಯಂಥ ಅದರ ಉಪನದಿಗಳಲ್ಲಿಯೂ ಕೆರೆಗಳಲ್ಲಿಯೂ ಬಾಳುವ ದೊಡ್ಡ ಸಿಂಪಿಗೆ ಶಾಸ್ತ್ರಜ್ಞರು ಲ್ಯಾಮೆಲ್ಲಿಡೆನ್ಸ್ ಎಂದು ಹೆಸರಿಟ್ಟಿರುವರು. ಅದು ಉಸುಕಿನಲ್ಲಿಯೋ ಕೆಸರಿನಲ್ಲಿಯೋ ಅರ್ಧ ಹೂತುಕೊಂಡು, ಮೈಯ ಹಿಂದಿನ ತುದಿಯನ್ನು ಮಾತ್ರ ನೀರಿಗೆ ಚಾಚಿಕೊಂಡು, ನೀರನ್ನು ಒಳಗೆಳೆದು ಅದರಲ್ಲಿರುವ ಪಾಚಿಯ ಕಣಗಳನ್ನು ಸೋಸಿ ತಿಂದು, ತಿಳಿಯಾದ ನೀರನ್ನು ಹೊರಗೆ ಬಿಡುವುದು. ಒಂದೊಂದು ಸಿಂಪು ದಿನಕ್ಕೆ ಹತ್ತಾರು ಲೀಟರು ನೀರನ್ನು ಹೀಗೆ ಸೋಸಬಲ್ಲದು. ಸಾವಿರ ಸಿಂಪುಗಳಿರುವ ಮಡುವಿನ ನೀರು ತಿಳಿಯಾಗಿರುವುದು ಸುಮ್ಮನೆ ಅಲ್ಲ.

ಅದರ ಸಂತತಿಯ ರೀತಿಯು ಇನ್ನೂ ವಿಚಿತ್ರ. ತಾಯಿಸಿಂಪು ಸಾವಿರಗಟ್ಟಲೆ ಮರಿಗಳನ್ನು ನೀರಿಗೆ ಬಿಡುವುದು. ಕಣ್ಣಿಗೆ ಕಾಣದಷ್ಟು ಚಿಕ್ಕವಾದ ಆ ಮರಿಗಳು ಸ್ವಲ್ಪ ಹೊತ್ತಿನಲ್ಲಿಯೇ ಒಂದು ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಸತ್ತುಹೋಗುವವು. ಮೀನಿನ ಮೈಮೇಲೆ ಕೆಲವು ದಿನ ಇದ್ದು, ಚಿಪ್ಪು ಬಲಿತ ಮೇಲೆ ಕಳಚಿ ತಳಕ್ಕೆ ಬೀಳುವವು. ಮೀನಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದರೆ ಮೀನಿಲ್ಲದ ಹೊಳೆಯಲ್ಲಿ ಸಿಂಪಿನ ಸಂತತಿ ಬೆಳೆಯುವುದಿಲ್ಲ. ಹಳೆಯ ಸಿಂಪುಗಳು ಹಲವು ವರ್ಷ ಬಾಳುವುದರಿಂದ ಹೊಳೆಯಲ್ಲಿ ಸಿಂಪು ಇದೆಯೆಂದೇ ಜನರು ತಿಳಿದಿರುವರು. ಮರಿಗಳು ನಿಂತುಹೋದದ್ದು ಲಕ್ಷ್ಯಕ್ಕೆ ಬರುವ ಹೊತ್ತಿಗೆ ಕಾಲ ಮೀರಿರುವುದು. ಮದ್ದು ಸಿಡಿಸಿ ಮೀನು ಹಿಡಿಯುವವನು ಮೀನನ್ನಷ್ಟೇ ಕೊಂದಂತಾಗುವುದಿಲ್ಲ.

ಅಮೇರಿಕೆಯ ಮಿಸಿಸಿಪ್ಪಿ ನದಿಯ ದಂಡೆಯ ಮಸ್ಕಟೀನ್ ಎಂಬ ಊರಿನ ಕಥೆ ಈ ವಿಷಯದಲ್ಲಿ ಪಾಠದಂತಿದೆ. ಜರ್ಮನಿಯಿಂದ ಬಂದ ಜಾನ್ ಬೆಪ್ಲೆ ಎಂಬ ಗುಂಡಿಗಳ ಕಸಬುದಾರನು 1891 ರಲ್ಲಿ ಅಲ್ಲಿ ಹೊಳೆಯ ಸಿಂಪಿನಿಂದ ಅಂಗಿಯ ಗುಂಡಿಗಳನ್ನು ಕೊರೆಯಲು ಪ್ರಾರಂಭಿಸಿದನು. ಸಿಂಪು ಬಿಟ್ಟಿ, ಹೊಳೆ ಹತ್ತಿರ, ಗಿರಾಕಿ ಬೇಕಾದಷ್ಟು. 1905 ರ ಹೊತ್ತಿಗೆ ಆ ಒಂದೇ ಊರು ವರ್ಷಕ್ಕೆ 150 ಕೋಟಿ ಗುಂಡಿಗಳನ್ನು ತಯಾರಿಸುತ್ತಿತ್ತು. ಜಗತ್ತಿನ ಗುಂಡಿಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಲ್ಲಿಯವೇ. ಸಿಂಪಿನ ಹಾಸುಗಳು ಒಂದರ ಮೇಲೊಂದು ಬರಿದಾದವು. ಅಲ್ಲಿಯ ಸರಕಾರವು ಸಮೀಪದ ಫೇರ್‌ಪೋರ್ಟಿನಲ್ಲಿ ಸಿಂಪಿನ ಮರಿಗಳನ್ನು ಮೀನಿನ ಮೈಗೆ ಹತ್ತಿಸಿ ಹೊಳೆಗೆ ಬಿಡುವ ಒಂದು ಶೋಧನಾಲಯವನ್ನೇ ನಿರ್ಮಿಸಬೇಕಾಯಿತು. ಆದರೂ ಹೊಳೆಯು ಮೊದಲಿನಂತೆ ತುಂಬಲಿಲ್ಲ. ಆ ಮೇಲೆ ಪ್ಲಾಸ್ಟಿಕ್ ಗುಂಡಿ ಬಂದು ಕಸಬು ಮುಳುಗಿತು. ನಮ್ಮ ದೇಶದಲ್ಲಿಯೂ ಬಿಹಾರದ ಚಂಪಾರಣ್ಯ ಸೀಮೆಯ ಮೇಹ್ಸಿ ಎಂಬ ಊರಿನಲ್ಲಿ ಹೊಳೆಯ ಸಿಂಪಿನಿಂದ ಗುಂಡಿಗಳನ್ನೂ ಆಭರಣಗಳನ್ನೂ ಮಾಡುವ ಕಸಬು ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದಿದೆ. ಅವರಿಗೂ ಹತ್ತಿರದ ಸಿಕ್ರಹನಾ ನದಿಯ ಸಿಂಪು ಮೊದಲಿನಂತೆ ಸಾಲದಾಯಿತು. ಕಡಲಿನಲ್ಲಿ ಆದದ್ದೂ ಇದೇ. ಮನ್ನಾರ್ ಕೊಲ್ಲಿಯಲ್ಲಿ ಶತಮಾನಗಳಿಂದ ನಡೆದುಬಂದ ತೂತುಕುಡಿಯ ಮುತ್ತಿನ ಬೇಟೆಯು 1961 ರ ತರುವಾಯ ನಿಂತಿತು. ಭಾರತ ಸರಕಾರವು 2001 ರಲ್ಲಿ ಟ್ರೋಕಸ್, ಟರ್ಬೊ, ನಾಟಿಲಸ್ ಮೊದಲಾದ ಕೆಲವು ಚಿಪ್ಪುಗಳನ್ನು 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಲ್ಲಿ ಸೇರಿಸಿತು. ಆದುದರಿಂದ ಯಾತ್ರೆಗೆ ಹೋದವರು ಸಮುದ್ರತೀರದ ಅಂಗಡಿಗಳಲ್ಲಿ ಹೊಳೆಯುವ ದೊಡ್ಡ ಚಿಪ್ಪನ್ನು ಕೊಳ್ಳುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊಳೆಯಿಂದ ಬಾಚಿಕೊಳ್ಳುವುದಕ್ಕಿಂತ ಸಾಕಿ ಬೆಳೆಯಿಸುವ ದಾರಿ ಬೇರೆ ಇದೆ. ಚೀನದವರು ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಬುದ್ಧನ ಚಿಕ್ಕ ಅಚ್ಚುಗಳನ್ನು ಹೊಳೆಯ ಸಿಂಪಿನೊಳಗಿಟ್ಟು ಅವುಗಳ ಮೇಲೆ ಮುತ್ತಿನ ಪದರನ್ನು ಬರಿಸುತ್ತಿದ್ದರು. ಜಪಾನದ ಮಿಕಿಮೋಟೊ ಕೋಕಿಚಿಯು 1893 ರಲ್ಲಿ ಕಡಲಿನ ಸಿಂಪಿನಲ್ಲಿ ಅರ್ಧಗೋಲದ ಮುತ್ತನ್ನು ಬೆಳೆಯಿಸಿದನು. ತೂತುಕುಡಿಯ ಬಳಿ ಭಾರತದ ಕಡಲ ಮೀನುಗಾರಿಕೆಯ ಸಂಶೋಧನಾಲಯದವರು 1973 ರಲ್ಲಿ ಅದನ್ನು ಸಾಧಿಸಿದರು. ಒಕ್ಕಲಿಗರಿಗೆ ಹತ್ತಿರದ್ದೆಂದರೆ ಭುವನೇಶ್ವರದ ಸಮೀಪ ಕೌಸಲ್ಯಾಗಂಗೆಯಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಕ್ರಮ. ಅಲ್ಲಿ ಸಿಹಿನೀರಿನ ಸಿಂಪಿನಿಂದ ಮುತ್ತು ಬೆಳೆಯಿಸುವ ಬಗೆಯನ್ನು ಗೊತ್ತುಪಡಿಸಿ, ಅದರ ತರಬೇತಿಯನ್ನೂ ಕೊಡುತ್ತ ಬಂದಿರುವರು.

ಆ ಕ್ರಮವು ಸಂಕ್ಷೇಪವಾಗಿ ಹೀಗಿದೆ. 8 ಸೆಂಟಿಮೀಟರಿಗೆ, ಎಂದರೆ ಮೂರು ಅಂಗುಲಕ್ಕೆ, ಮೀರಿದ ಆರೋಗ್ಯವುಳ್ಳ ಸಿಂಪುಗಳನ್ನು ಆರಿಸಿ, ಒಂದಕ್ಕೆ ಒಂದು ಲೀಟರು ನೀರಿನಂತೆ ಎರಡು ಮೂರು ದಿನ ಒತ್ತಾಗಿ ಇಡುವರು. ಇದರಿಂದ ಚಿಪ್ಪನ್ನು ಬಿಗಿಹಿಡಿಯುವ ಸ್ನಾಯು ಸಡಿಲಾಗಿ ಬಾಯಿ ತೆರೆಯಲು ಸುಲಭವಾಗುವುದು. ಅನಂತರ ಶುದ್ಧವಾದ ಹತ್ಯಾರಗಳಿಂದ ಚಿಪ್ಪನ್ನು ತುಸುವೇ ತೆರೆದು, ಹೊದಿಕೆಯ ಕೆಳಗೆ ಅಚ್ಚನ್ನು ಇಡುವರು. ಇಲ್ಲವೆ ಬೇರೊಂದು ಸಿಂಪಿನ ಹೊದಿಕೆಯ ಚೂರನ್ನೂ ಅದರೊಡನೆ ಚಿಕ್ಕ ಮಣಿಯನ್ನೂ ಮೈಯೊಳಗೆ ಸೇರಿಸುವರು. ಅಚ್ಚುಗಳನ್ನು ಚಿಪ್ಪಿನ ಪುಡಿಯಿಂದಲೇ ಗಣಪತಿ ಮೊದಲಾದ ಆಕೃತಿಗಳಲ್ಲಿ ಮಾಡುವುದುಂಟು. ಶಸ್ತ್ರಚಿಕಿತ್ಸೆಯಾದ ಸಿಂಪುಗಳನ್ನು ಸುಮಾರು ಹತ್ತು ದಿನ ಔಷಧದ ನೀರಿನಲ್ಲಿಟ್ಟು, ಸತ್ತವುಗಳನ್ನೂ ಅಚ್ಚನ್ನು ಹೊರಹಾಕಿದವುಗಳನ್ನೂ ದಿನವೂ ನೋಡಿ ತೆಗೆಯಬೇಕು. ಉಳಿದವನ್ನು ನೈಲಾನ್ ಬಲೆಯ ಚೀಲಗಳಲ್ಲಿ ಎರಡೆರಡಾಗಿ ಹಾಕಿ, ಬಿದಿರುಗಳಿಂದ ಹೊಂಡದ ನೀರಿನಲ್ಲಿ ಒಂದು ಮೀಟರು ಆಳಕ್ಕೆ ಇಳಿಬಿಡುವರು. ಅಲ್ಲಿಂದ ಮುಂದೆ 12 ರಿಂದ 18 ತಿಂಗಳು ಕಾಯಬೇಕು. ಚೀಲಗಳಿಗೆ ಮೆತ್ತುವ ಪಾಚಿಯನ್ನು ಆಗಾಗ ತೊಳೆಯಬೇಕು. ಹೊಂಡದಲ್ಲಿ ಸಿಂಪಿನ ಆಹಾರವಾದ ಸೂಕ್ಷ್ಮ ಪಾಚಿ ಹದವಾಗಿ ಇರುವಂತೆ ನೋಡಿಕೊಳ್ಳಬೇಕು. ಅವಸರಪಟ್ಟು ಮೊದಲೇ ತೆರೆದರೆ ಪದರು ತೆಳುವಾಗಿ, ಕಳೆಯಿಲ್ಲದೆ, ಕೆಲವು ದಿನಗಳಲ್ಲಿಯೇ ಸುಲಿದುಹೋಗುವುದು.

ಈ ವಿವರವನ್ನು ಓದಿದ ಭೂಮಾಲೀಕನು ತನ್ನ ಜಮೀನನ್ನು ಒಮ್ಮೆ ಸುತ್ತಿ ನೋಡತಕ್ಕದ್ದು. ವರ್ಷವಿಡೀ, ಅದೂ ಎರಡು ಬೇಸಿಗೆಗಳನ್ನು ದಾಟಿ, ಆಳು ಮುಳುಗುವಷ್ಟು ನೀರು ನಿಲ್ಲುವ ಹೊಂಡ ಇದೆಯೇ? ಮಳೆಗಾಲದಲ್ಲಿ ತುಂಬಿ ಮಾರ್ಚಿಗೆ ಒಣಗುವ ಹೊಂಡ ಜೋಳಕ್ಕೆ ಒಂದು ನೀರು ಕೊಡಲು ಒಳ್ಳೆಯದು, ಇದಕ್ಕೆ ಆಗದು. ಮೇಲಿನ ಹೊಲದಿಂದ ಹರಿದುಬರುವ ನೀರು ಹೊಂಡವನ್ನು ಸೇರುವುದೇ? ದ್ರಾಕ್ಷಿ, ತರಕಾರಿಗಳಿಗೆ ಸಿಂಪಡಿಸುವ ಮೈಲುತುತ್ತಿನ ಅಂಶ ನೀರಿಗೆ ಸ್ವಲ್ಪ ಬಿದ್ದರೂ ಸಿಂಪುಗಳಿಗೆ, ಅದರಲ್ಲಿಯೂ ಮರಿಗಳಿಗೆ, ವಿಷವಾಗುವುದು. ಕೈಚಳಕವುಳ್ಳ, ದಿನವೂ ನೋಡಿಕೊಳ್ಳುವ ಆಳು ಮನೆಯಲ್ಲಿಯೇ ಇದ್ದಾನೆಯೇ? ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಮುತ್ತಿನ ಆಸೆಯನ್ನು ಸದ್ಯಕ್ಕೆ ಬಿಟ್ಟು ಅದೇ ಹೊಂಡದಲ್ಲಿ ಕಟ್ಲಾ, ರೋಹು ಮೀನುಗಳನ್ನು ಬಿಡುವುದು ಬುದ್ಧಿವಂತಿಕೆ.

ಎಲ್ಲಕ್ಕೂ ಹೌದೆನ್ನುವವನು ಕೂಡ ಮೊದಲನೆಯ ವರ್ಷ ನೂರು ಸಿಂಪುಗಳಿಗಿಂತ ಹೆಚ್ಚಿಗೆ ಕೈಹಾಕದಿರುವುದು ಲೇಸು. ಸಿಂಪುಗಳನ್ನೂ ಅಚ್ಚುಗಳನ್ನೂ ತಾವೇ ಮಾರಿ, ಮುತ್ತನ್ನು ಇಂಥ ಬೆಲೆಗೆ ತಾವೇ ಕೊಳ್ಳುವೆವೆಂದು ಕರಾರು ಬರೆದುಕೊಡುವವರು ಬಂದರೆ ಅವಸರದಿಂದ ಸಹಿ ಮಾಡಕೂಡದು. ಅಂಥ ಕರಾರಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ. ದೂರದಿಂದ ತಂದ ಸಿಂಪುಗಳು ಹೊಂಡಕ್ಕೆ ಬೀಳುವ ಮೊದಲೇ ಸತ್ತರೆ ನಷ್ಟ ಯಾರದು? ಕೊನೆಗೆ ಮುತ್ತಿನ ದರ್ಜೆಯನ್ನು ನಿರ್ಣಯಿಸುವವರು ಯಾರು? ಮಾರುವವನೇ ಕೊಳ್ಳುವವನೂ ದರ್ಜೆ ಹೇಳುವವನೂ ಆದರೆ, ತೂಕದ ಕಲ್ಲನ್ನು ಒಬ್ಬನ ಕೈಯಲ್ಲಿಯೇ ಕೊಟ್ಟು ಜೋಳ ಅಳೆಯಿಸಿದಂತಾಗುವುದು. ಚೀನದಿಂದ ಬರುವ ಸಿಹಿನೀರಿನ ಮುತ್ತುಗಳು ಪೇಟೆಯಲ್ಲಿ ರಾಶಿಗಟ್ಟಲೆ ಇವೆ. ಗುಂಡಗಿಲ್ಲದ, ಕಳೆಯಿಲ್ಲದ ಮುತ್ತಿಗೆ ಪತ್ತಾರರು ಹೆಚ್ಚು ಬೆಲೆ ಕೊಡುವುದಿಲ್ಲವೆಂಬುದನ್ನು ಒಬ್ಬ ಪರಿಚಯದ ಪತ್ತಾರನ ಅಂಗಡಿಗೆ ಹೋಗಿ ಕೇಳಿಯೇ ತಿಳಿಯಬಹುದು.

ಬೆಳೆಯಿಸುವವರಿಗೂ ಮೊದಲ ಸಿಂಪುಗಳು ಹೊಳೆಯಿಂದಲೋ ಕೆರೆಯಿಂದಲೋ ಬರತಕ್ಕವು. ಇಲ್ಲಿ ಊರಿನ ಪ್ರಮುಖರ ಹೊಣೆ ಇದೆ. ಉಸುಕನ್ನು ತಳದ ವರೆಗೆ ಕೆರೆದು ಎತ್ತಿಬಿಟ್ಟರೆ ಸಿಂಪುಗಳು ಹೂತುಕೊಳ್ಳುವ ನೆಲೆಯೇ ಹೋಗುವುದು. ದಂಡೆ ಕುಸಿದು, ಹೊಳೆಗೆ ಹತ್ತಿದ ಬಾವಿಗಳ ನೀರೂ ಕೆಳಗಿಳಿಯುವುದು. ಪರವಾನಿಗೆಯಿಲ್ಲದೆ ಉಸುಕು ಸಾಗಿಸುವುದನ್ನು ತಡೆದರೆ ಸಿಂಪಿಗಾದ ಉಪಕಾರಕ್ಕಿಂತ ಕಬ್ಬಿನ ಗದ್ದೆಗಾದ ಉಪಕಾರವೇ ದೊಡ್ಡದು. ಕಾರಖಾನೆಯ ಹೊಲಸು ನೀರು ಹಳ್ಳಕ್ಕೆ ಸೇರಿದ ಸುಳಿವನ್ನು ಸತ್ತು ತೇಲುವ ಮೀನುಗಳು ಕೊಡುವವು. ಒಮ್ಮೆಗೇ ಬಾಯ್ದೆರೆದು ನಾರುವ ಸಿಂಪುಗಳೂ ಅದನ್ನೇ ಹೇಳುವವು. ಅಂಥದನ್ನು ಕಂಡಕೂಡಲೆ ನೀರನ್ನು ಶುದ್ಧವಾದ ಬಾಟಲಿಯಲ್ಲಿ ತುಂಬಿ, ದಿನ, ವೇಳೆ, ಸ್ಥಳಗಳನ್ನು ಬರೆದಿಟ್ಟುಕೊಂಡು ಅಧಿಕಾರಿಗಳಿಗೆ ತಿಳಿಸುವುದು ತಕ್ಕದ್ದು. ಎರಡು ದಿನ ತಡವಾದರೆ ಹೊಳೆಯು ಸಾಕ್ಷ್ಯವನ್ನು ತೊಳೆದುಕೊಂಡು ಹೋಗಿರುವುದು.

ಸತ್ತು ಬಿದ್ದ ಸಿಂಪುಗಳನ್ನು ಆರಿಸಿಕೊಳ್ಳುವುದಕ್ಕೆ ಇಷ್ಟು ಯೋಚನೆ ಬೇಕಿಲ್ಲ. ಅವುಗಳಿಂದ ಗುಂಡಿ, ಓಲೆಯ ಬಿಲ್ಲೆ, ಪೆಟ್ಟಿಗೆಯ ಮೇಲಿನ ಕೆತ್ತನೆಯ ತುಣುಕುಗಳನ್ನು ಮಾಡಬಹುದು. ಬಣ್ಣದ ಹಣ್ಣು, ಗೊಂಬೆಗಳಿಗೆ ಹೆಸರಾದ ಗೋಕಾಕದ ಕಸಬುದಾರರ ಕೈಗೆ ಈ ಕೆಲಸ ಅಪರಿಚಿತವಾಗಲಾರದು. ಒಣಗಿ ಸುಣ್ಣದಂತಾದವುಗಳನ್ನು ಬಿಟ್ಟು, ಒಳಮೈ ಇನ್ನೂ ಹೊಳೆಯುವ ದಪ್ಪನೆಯವನ್ನೇ ಆರಿಸಬೇಕು. ಹೊರಗಿನ ಕಂದು ಸಿಪ್ಪೆಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ತೆಗೆದು, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ನುಣುಪಾದ ಮರಳುಕಾಗದದಿಂದ ತಿಕ್ಕಿದರೆ ಬೆನ್ನಿನ ಕಡೆಯೂ ಮುತ್ತಿನ ಪದರು ಹೊರಬೀಳುವುದು. ಕೊಯ್ಯುವಾಗಲೂ ಉಜ್ಜುವಾಗಲೂ ಸಿಂಪನ್ನು ಸದಾ ನೀರಿನಲ್ಲಿ ನೆನೆಸಿಯೇ ಇಡತಕ್ಕದ್ದು. ಒಣಗಿದ ಸಿಂಪಿನ ಧೂಳು ಗಾಳಿಯಲ್ಲಿ ತೇಲಿ ಉಸಿರಿನೊಡನೆ ಪುಪ್ಪುಸಕ್ಕೆ ಹೋದರೆ ಕೆಮ್ಮು, ಉಬ್ಬಸಗಳಿಗೆ ಕಾರಣವಾಗುವುದು; ಮನೆಯೊಳಗೆ ಮಕ್ಕಳಿರುವಲ್ಲಿ ಈ ಕೆಲಸ ಬೇಡ, ಪಡಸಾಲೆಯ ಹೊರಗೆ ಗಾಳಿಯಾಡುವಲ್ಲಿ, ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡು ಮಾಡಬೇಕು.